ಅಜ್ಜಿಯ ಕಣ್ಣಿಗೆ ಕಾಣುವಷ್ಟು

ಬಸ್ಸು ಕಂಪ್ಲಿಯ ಕೊನೆಯ ಮನೆಗಳನ್ನು ದಾಟಿ ಬಾಳೆತೋಟಗಳ ನಡುವೆ ಬಂದಾಗ ಸ್ಫೂರ್ತಿಗೆ ಮತ್ತೊಮ್ಮೆ ಅನ್ನಿಸಿತು: ಅಜ್ಜಿಗೆ ಗೊತ್ತಾಗಿದೆ. ಗೊತ್ತಾಗದಿದ್ದರೆ ಬೆಳಗ್ಗೆ ಹೊರಡುವ ಮುಂಚೆ ಅಡುಗೆಮನೆಯ ಮೂಲೆಯಲ್ಲಿ, ಆ ಗಡಿಗೆಯ ಮುಂದೆ, ಅಷ್ಟು ಹೊತ್ತು ಯಾಕೆ ನಿಂತಿರುತ್ತಿದ್ದಳು? ಗಡಿಗೆಗೆ ಮುಚ್ಚಿದ್ದ ಹಿತ್ತಾಳೆ ತಟ್ಟೆಯನ್ನು ಎತ್ತಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡಳು, ಸೊಂಟದ ಎಲೆಅಡಿಕೆ ಚೀಲವನ್ನು ಮುಟ್ಟಿ ನೋಡಿಕೊಂಡಳು, "ನಡಿ ತಂಗಿ, ಬಸ್ಸೇನು ನಮ್ಮಪ್ಪಂದಲ್ಲ" ಎಂದಳು, ಅಷ್ಟೇ. ಎತ್ತಿ ನೋಡಿ ಬೈದಿದ್ದರೆ ಸ್ಫೂರ್ತಿಗೆ ಹಗುರವಾಗುತ್ತಿತ್ತು. ಈಗ ಕಿಟಕಿಯ ಪಕ್ಕ ಕುಳಿತಿದ್ದಾಳೆ ಎಪ್ಪತ್ತೆಂಟು ವರ್ಷದ ಜಂಬಕ್ಕ. ಎರಡೂ ಕಣ್ಣಿಗೆ ಪೊರೆ, ಬಾಯಲ್ಲಿ ನಾಲ್ಕೋ ಐದೋ ಹಲ್ಲು, ಇವತ್ತಿನ ಮಟ್ಟಿಗೆ ಮೊಮ್ಮಗಳ ನ್ಯಾಯಾಧೀಶೆ. ಕಳ್ಳಿಯೊಬ್ಬಳು ತಾನು ಕದ್ದ ಮನೆಯ ಯಜಮಾನಿಯನ್ನೇ ಸೊನ್ನೆ ರೂಪಾಯಿಯ ಟಿಕೆಟ್ಟಿನಲ್ಲಿ ಕೂರಿಸಿಕೊಂಡು ತೀರ್ಪು ಕೇಳಲು ಹೊರಟಿದ್ದಾಳೆ ಎಂದುಕೊಂಡಾಗ ಸ್ಫೂರ್ತಿಗೆ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಯಿತು.

ಗಡಿಗೆಯಲ್ಲಿ ಇದ್ದದ್ದು ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ಓಟೆಗಳು. ಜಂಬಕ್ಕ ಕಥೆ ಹೇಳಬೇಕಾದರೆ ಬಾಯಲ್ಲೊಂದು ಬಾರಿಹಣ್ಣು ಇರಲೇಬೇಕು. ತಿರುಳು ಕರಗತೊಡಗಿದಾಗ ಕಥೆ ಶುರು. ಒಳಗಿನ ಗಟ್ಟಿ ಓಟೆ ನುಣ್ಣಗಾಗಿ ನಾಲಿಗೆಗೆ ಏನೂ ರುಚಿ ಹತ್ತದ ಹೊತ್ತಿಗೆ ಏಳು ಸಮುದ್ರ ದಾಟಿದವನು ಮನೆಗೆ ಬಂದಿರಬೇಕು. "ಓಟಿ ಬಾಯಾಗ ಇರೋತನಕ ಕಥಿ" ಎಂಬುದು ಆ ಮನೆಯ ಕಾನೂನು. ಓಟೆ ಗಡಿಗೆಗೆ ಬಿದ್ದು ಟಣ್ ಎಂದಿತೋ, ಆಮೇಲೆ ಯಾರು ಎಷ್ಟು ಗೋಗರೆದರೂ ರಾಜನಿಗೂ ರಾಕ್ಷಸನಿಗೂ ಮಾತಿಲ್ಲ. ಐದು ವರ್ಷದ ಸ್ಫೂರ್ತಿ ಮಧ್ಯಾಹ್ನ ಯಾರೂ ಇಲ್ಲದಾಗ ಗಡಿಗೆಯೊಳಗೆ ಮೊಣಕೈತನಕ ಕೈಬಿಟ್ಟು ಓಟೆಗಳನ್ನು ಅಲ್ಲಾಡಿಸುತ್ತಿದ್ದಳು. ಒಂದೊಂದರೊಳಗೂ ಒಂದೊಂದು ಕಥೆ ಮುದುಡಿಕೊಂಡು ಮಲಗಿದೆ ಎಂದು ಅವಳಿಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗೇ ಗೊತ್ತಿತ್ತು. ಇಪ್ಪತ್ತನಾಲ್ಕಾಗಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಮೇಲೂ ಆ ತಿಳಿವಳಿಕೆ ಒಳಗೆಲ್ಲೋ ಉಳಿದುಕೊಂಡಿತ್ತು. ಹೋದ ವಾರ ಅಜ್ಜಿ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ಗಡಿಗೆಯನ್ನು ಗೋಣಿಚೀಲಕ್ಕೆ ಬಗ್ಗಿಸಿದಾಗ ಎರಡು ಸೇರು ಓಟೆಗಳು ಮಳೆಯ ಸದ್ದು ಮಾಡುತ್ತ ಸುರಿದವು. ಅವಳಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು, ಕೈ ಎರಡೂ ಗಡಿಗೆ ಹಿಡಿದಿದ್ದವು.

"ಯಾಕ ಸುಮ್ನಾದಿ? ಹೊಟ್ಟಿ ತೊಳಸ್ತೈತೇನು?" ಅಜ್ಜಿ ಮೊಣಕೈಯಿಂದ ತಿವಿದಳು.

"ಇಲ್ಲಜ್ಜಿ."

"ಹೆದರ್ಕಿ ಆಗೇತಿ. ಆಗ್ಲಿ. ನಾನು ನಿಮ್ಮಪ್ಪನ ಮಾತಿಗೆ ಬಗ್ಗಾಕಿ ಅಲ್ಲ, ನಿನ್ನ ಮಾರಿ ನೋಡಿ ಹ್ಞೂಂ ಅನ್ನಾಕಿನೂ ಅಲ್ಲ. ಕಂಡ್ರ ಕಂಡೈತಿ ಅಂತೀನಿ, ಇಲ್ಲಂದ್ರ ಇಲ್ಲ."

ಅಪ್ಪ ಶಂಭುಲಿಂಗ ಆ ಮಾತು ಆಡಿದ್ದು ತಮಾಷೆಗೆ. ಅವನ ಅಕ್ಕಿ ಗಿರಣಿಯ ಹಿಂದೆ ಹೊಟ್ಟು ಹಾಕುವ ಹಳೆಯ ಶೆಡ್ಡೊಂದಿತ್ತು. ಅದರಲ್ಲಿ ಎರಡು ವರ್ಷದಿಂದ ಮಗಳು ಇದ್ದಿಲು ಸುಡುತ್ತಿದ್ದಳು. ಗಾಳಿ ಆಡದ ಹಾಗೆ ಮುಚ್ಚಿದ ಡ್ರಮ್ಮಿನಲ್ಲಿ ಬೆಳೆಯ ಕಸವನ್ನು ಸುಟ್ಟು ಇದ್ದಿಲು ಮಾಡುವುದು, ಅದು ಕೆಂಪಗೆ ಕಾದಿರುವಾಗ ಗಿರಣಿಯ ಬಾಯ್ಲರಿನಿಂದ ಕೊಳವೆ ಎಳೆದು ಉಗಿ ಹಾಯಿಸುವುದು. ಆಗ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು ತೆರೆದುಕೊಳ್ಳುತ್ತವೆ. ನೀರಿನಲ್ಲಿ ಕರಗಿ ಅಡಗಿದ ಬಂಗಾರ ಆ ತೂತುಗಳೊಳಗೆ ಬಂದು ಅಂಟಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಮೂರು ಸಲ ವಿವರಿಸಿ ಸೋತಿದ್ದಳು. ಅಜ್ಜಿಗೆ ಒಂದೇ ಸಲಕ್ಕೆ ತಿಳಿದಿತ್ತು. "ಅಂದ್ರ ಇದ್ದಿಲಿಗೆ ಕಿವಿ ಚುಚ್ತಿ. ಕಿವಿ ಚುಚ್ಚಿದ ಮ್ಯಾಲ ಬಂಗಾರ ಬಂದು ಕುಂದ್ರಲೇ ಬೇಕಲ್ಲ" ಎಂದಿದ್ದಳು. ಅಪ್ಪ ಮಾತ್ರ ಬಾಳೆಕಾಯಿ ಮಾಗಿಸುವವರಿಗೆ ಆ ಶೆಡ್ಡು ಕೊಡುವ ಮಾತಾಡಿ ಮುಗಿಸಿದ್ದ. ಅವತ್ತು ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದ: "ಶಿವರಾತ್ರಿತನಕ ಟೈಮ್ ಐತಿ ನೋಡವಾ. ನಿನ್ನ ಇದ್ದಿಲಿಂದ ಬಂಗಾರ ತಗದು ತೋರ್ಸು, ಶೆಡ್ಡು ನಿಂದು. ಆದ್ರ ಪುಸ್ತಕದಾಗಿನ ಬಂಗಾರ ಅಲ್ಲ, ಕಣ್ಣಿಗೆ ಕಾಣ್ಬೇಕು. ನನ್ನ ಕಣ್ಣಿಗೂ ಅಲ್ಲ, ನಮ್ಮವ್ವನ ಕಣ್ಣಿಗೆ ಕಾಣೋ ಅಷ್ಟು." ಎಲ್ಲರೂ ನಕ್ಕರು. ಜಂಬಕ್ಕ ನಗಲಿಲ್ಲ. ಕೈ ತೊಳೆದು ಬಂದು, "ಹಂಗ ಆಗ್ಲಿ" ಎಂದು ಗಂಭೀರವಾಗಿ ಒಪ್ಪಿಕೊಂಡಳು. ಅಲ್ಲಿಗೆ ತಮಾಷೆ ಮುಗಿದು ಕರಾರಾಯಿತು.

ಬುಕ್ಕಸಾಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ತೆವಳುತ್ತಿತ್ತು. ಕಂಡಕ್ಟರ್ ತಲೆ ಹೊರಗೆ ಹಾಕಿ ಕೂಗುತ್ತಿದ್ದ. ಸ್ಫೂರ್ತಿ ತನ್ನ ಅಂಗೈ ನೋಡಿಕೊಂಡಳು. ಗೆರೆಗಳಲ್ಲಿ ಕಪ್ಪು ಕೂತಿತ್ತು, ಯಾವ ಸಾಬೂನಿಗೂ ಬಗ್ಗದ ಕಪ್ಪು. ತೋರಣಗಲ್ಲಿನ ಗೆಸ್ಟ್‌ಹೌಸಿನಲ್ಲಿ ಇದ್ದಿಲು ತೋರಿಸಲು ಹೋಗಿದ್ದಾಗ ಎಂಜಿನಿಯರೊಬ್ಬ ಕೂಡ ತನ್ನ ಬೆರಳುಗಳನ್ನು ಹೀಗೇ ನೋಡಿಕೊಂಡಿದ್ದ. ಚಿನ್ನದ ಗಣಿಗಳಿಗೆ ಇದ್ದಿಲು ಕಳಿಸುವ ಕಂಪನಿಯವನು. ಅವಳು ಒಯ್ದಿದ್ದ ಭತ್ತದ ಹೊಟ್ಟಿನ ಇದ್ದಿಲನ್ನು ನೀರಿನ ಬಾಟಲಿಗೆ ಹಾಕಿ ಗಡಗಡ ಅಲ್ಲಾಡಿಸಿ ಮೇಜಿನ ಮೇಲಿಟ್ಟ. ನೀರು ಮಸಿಯಾಯಿತು. ಬಂಗಾರ ಹಿಡಿದ ಇದ್ದಿಲು ಹೀಗೆ ಪುಡಿಯಾದರೆ ಬಂಗಾರವನ್ನೂ ಹೊತ್ತುಕೊಂಡು ಚರಂಡಿಗೆ ಹೋಗುತ್ತದೆ ಎಂದು ಮೃದುವಾಗಿಯೇ ತಿಳಿಸಿ ಹೇಳಿದ. ಆಮೇಲೆ ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜುತ್ತ, "ಹಲ್ಲುಪುಡಿಗೆ ಮಸ್ತ್ ಐತ್ರಿ ಮೇಡಂ" ಎಂದ. ಸುತ್ತ ಇದ್ದವರು ನಕ್ಕರು. ಸ್ಫೂರ್ತಿಯೂ ನಕ್ಕಳು. ಅವನ ಮಾತು ಮರೆತುಹೋಗಿತ್ತು, ತನ್ನ ಆ ನಗು ಮಾತ್ರ ಮರೆಯುತ್ತಿರಲಿಲ್ಲ. ಹಲ್ಲುಜ್ಜುವಾಗ, ತಲೆ ಬಾಚುವಾಗ, ಬಾಯ್ಲರಿನ ಮುಂದೆ ನಿಂತಾಗ ಬಂದು ಮುಖಕ್ಕೆ ಹತ್ತಿಕೊಳ್ಳುತ್ತಿತ್ತು. ಬಾಯ್ಲರ್ ನೋಡಿಕೊಳ್ಳುವ ಗಾದಿಲಿಂಗ ಅವಳ ಮುಖ ಕಂಡು, "ಅಕ್ಕಾರ, ಆ ಸಾಹೇಬಗ ಹಲ್ಲು ಇದ್ದುವ್ರೇನು? ಇದ್ರ ಉಜ್ಜಿಕ್ಯಳ್ಳಿ ಬಿಡ್ರಿ" ಎಂದು ಸಮಾಧಾನ ಹೇಳಿದ್ದ. ದಾರಿ ತೋರಿಸಿದವಳು ಅಜ್ಜಿಯೇ. "ಗಟ್ಟಿದು ಬೇಕಂದ್ರ ಬಾರಿ ಓಟಿ ಸುಡು. ನನ್ನ ಹಲ್ಲು ಅಷ್ಟೂ ಹೋದವು, ಒಂದ ಒಂದು ಓಟಿ ಒಡಿಲಿಲ್ಲ."

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ತಾಯಕ್ಕ ಎಂಬವಳ ಅಂಗಳದಲ್ಲಿ ಹೆಂಗಸರು ಬಾರಿಹಣ್ಣು ಕುಟ್ಟಿ, ಬೆಲ್ಲ ಮೆಣಸಿನಕಾಯಿ ಹಾಕಿ, ವಡೆ ತಟ್ಟಿ ಒಣಗಿಸುತ್ತಾರೆ. ಬೇರ್ಪಡಿಸಿ ಬಿಸಾಡಿದ ಓಟೆಗಳು ಅಂಗಳದಾಚೆ ರಾಶಿ ಬಿದ್ದಿದ್ದವು. ಸ್ಫೂರ್ತಿ ಸೆರಗು ಕಟ್ಟಿ ತುಂಬತೊಡಗಿದಾಗ ತಾಯಕ್ಕ ಸೊಂಟದ ಮೇಲೆ ಕೈಯಿಟ್ಟು, "ಹಣ್ಣು ಬಿಟ್ಟು ಓಟಿ ಒಯ್ಯಾಕಿನ್ನ ಇವತ್ತ ನೋಡಿದೆ ನಮ್ಮವ್ವಾ" ಎಂದು ನಕ್ಕು, ಮಂಡಕ್ಕಿ ಚೀಲದಲ್ಲಿ ಅರ್ಧದಷ್ಟು ತುಂಬಿಸಿ ಕೊಟ್ಟಿದ್ದಳು. ಮೊದಲನೆಯ ಸುಡುವಿಕೆಯಲ್ಲಿ ಡ್ರಮ್ಮಿನ ಮುಚ್ಚಳದಿಂದ ಗಾಳಿ ನುಸುಳಿ ಮುಕ್ಕಾಲು ಪಾಲು ಬೂದಿಯಾಯಿತು. ಉಳಿದ ಓಟೆ ಡ್ರಮ್ಮಿನ ಅರ್ಧಕ್ಕೂ ಬರುತ್ತಿರಲಿಲ್ಲ. ಒಳಗೆ ಖಾಲಿ ಬಿಟ್ಟಷ್ಟೂ ಗಾಳಿ, ಗಾಳಿ ಇದ್ದಷ್ಟೂ ಬೂದಿ. ಬಾರಿಹಣ್ಣಿನ ಕಾಲ ಮುಗಿದಿತ್ತು. ಶಿವರಾತ್ರಿಗೆ ಹತ್ತು ದಿನವಿತ್ತು. ಗಡಿಗೆ ಅಲ್ಲಿಯೇ ಇತ್ತು. ಕೇಳಿದ್ದರೆ ಅಜ್ಜಿ ಕೊಟ್ಟೇ ಬಿಡುತ್ತಿದ್ದಳು. ಅವಳು ಕೊಡುವುದನ್ನು ನೋಡಲು ತನ್ನಿಂದಾಗುವುದಿಲ್ಲವೆಂದೇ ಸ್ಫೂರ್ತಿ ಕೇಳಲಿಲ್ಲ.

ಕಮಲಾಪುರ ದಾಟಿದ ಮೇಲೆ ಬಂಡೆಗಳು ಶುರುವಾದವು, ಒಂದರ ಮೇಲೊಂದು. ಪೊರೆ ಬಂದ ಕಣ್ಣಿಗೂ ಅಷ್ಟು ದೊಡ್ಡವು ಕಾಣುತ್ತವೆ. ಅಜ್ಜಿ ಕೈಮುಗಿದಳು. ಈ ಬಂಡೆಗಳ ಕೆಳಗಿನ ನಿಧಿಯ ಕಥೆಯನ್ನು ಸ್ಫೂರ್ತಿ ಎಷ್ಟು ಓಟೆಗಳಷ್ಟು ಕೇಳಿದ್ದಳೋ! ಗೌಡನೊಬ್ಬ ಕೊಪ್ಪರಿಗೆ ಅಗೆದು ತೆಗೆಯುತ್ತಾನೆ, ಮುಚ್ಚಳ ತೆರೆದರೆ ಬರೀ ಇದ್ದಿಲು; ಸಿಟ್ಟಿಗೆ ತಿಪ್ಪೆಗೆ ಸುರಿಯುತ್ತಾನೆ. ಸೊಸೆ ಒಲೆಗಾಯಿತೆಂದು ಒಂದು ಮಡಿಲು ಆರಿಸಿಕೊಂಡು ಹೋಗುತ್ತಾಳೆ, ಒಲೆಯಲ್ಲಿಟ್ಟು ಊದಿದರೆ ಅದು ಉರಿಯುವುದಿಲ್ಲ, ಹೊಳೆಯುತ್ತದೆ. "ಬಂಗಾರ ತನಗ ಬ್ಯಾಡಾದವರ ಕಣ್ಣಿಗೆ ಇದ್ದಿಲಾಗಿ ಕಾಣ್ತೈತಿ" ಎಂದು ಅಜ್ಜಿ ಓಟೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತಿದ್ದಳು. ಆ ಕಥೆಯ ಓಟೆಯೂ ಡ್ರಮ್ಮಿನಲ್ಲಿ ಸುಟ್ಟಿತೇ? ಯಾವುದು ಅದು? ಸೊಸೆಗೂ ಗೊತ್ತಾಗುವಂತಿಲ್ಲ ಈಗ.

ಹೊಸಪೇಟೆ ಬಜಾರಿನ ಹಿಂದಿನ ಓಣಿಯಲ್ಲಿ ಬಂಗಾರದ ಕೆಲಸದ ಪತ್ತಾರ ಮೌನೇಶಪ್ಪನ ಅಂಗಡಿ. ಸ್ಫೂರ್ತಿಗೆ ಹನ್ನೊಂದು ತಿಂಗಳಿದ್ದಾಗ ಕಿವಿ ಚುಚ್ಚಿದವನು ಇವನೇ. "ಬರ್ರಿ ಯಮ್ಮಾ, ಬರ್ರಿ, ಕುಂದ್ರಿ" ಎಂದು ಗಾದಿ ಝಾಡಿಸಿದ. "ಈಕಿ ಕಿವಿ ಚುಚ್ಚುವಾಗ ಹೆಂಗ ಅತ್ತಿದ್ಲು ಅಂತೀರಿ, ಬಜಾರ ಅಷ್ಟೂ ಬಂದು ನಿಂತಿತ್ತು." ಬೆಳ್ಳಿ ಒಡವೆಗೆ ಬಂಗಾರದ ಲೇಪ ಹಾಕಿ ಹಾಕಿ ಕಸುವು ಕಳೆದುಕೊಂಡ ಹಳೆಯ ನೀರು ಅವನ ಬಳಿ ದೊಡ್ಡ ಗಾಜಿನ ಜಾಡಿಯಲ್ಲಿ ಎಷ್ಟೋ ವರ್ಷದಿಂದ ಉಳಿದಿತ್ತು; ಅದರಲ್ಲಿ ಬಂಗಾರದ ಪಸೆಯಿದೆ ಎಂದು ಚೆಲ್ಲಲೂ ಮನಸ್ಸಿಲ್ಲ, ವಿಷವಾದ್ದರಿಂದ ಚೆಲ್ಲುವಂತೆಯೂ ಇರಲಿಲ್ಲ. ಜಾಡಿಯ ಮೇಲೆ ಕೆಂಪು ಬಣ್ಣದಲ್ಲಿ 'ವಿಷ, ಮುಟ್ಟಬ್ಯಾಡ್ರಿ' ಎಂದು ಬರೆದಿದ್ದ. ನಾಲ್ಕು ದಿನದ ಹಿಂದೆ ಸ್ಫೂರ್ತಿ ತನ್ನ ಓಟೆಯ ಇದ್ದಿಲನ್ನು ತೆಳು ಬಟ್ಟೆಯಲ್ಲಿ ಎರಡು ಸಡಿಲ ಗಂಟು ಕಟ್ಟಿ ಅದರೊಳಗೆ ಇಳಿಬಿಟ್ಟು ಹೋಗಿದ್ದಳು. ಮೌನೇಶಪ್ಪ ಚಹಾ ಕುಡಿದಾಗಲೆಲ್ಲ ಗಾಜಿನ ಕಡ್ಡಿಯಿಂದ ಒಂದು ಸಲ ಕಲಕಿದ್ದ. ಅವನು ದಿನಕ್ಕೆ ಎಂಟು ಚಹಾ ಕುಡಿಯುವವನು.

"ಮೊದ್ಲು ನೀರು ನೋಡವಾ" ಎಂದ. ನೀರು ತಿಳಿಯಾಗಿತ್ತು. ಮಸಿಯ ಒಂದು ಎಳೆಯೂ ಇರಲಿಲ್ಲ. ಸ್ಫೂರ್ತಿ ಬಗ್ಗಿ ಜಾಡಿಗೆ ಮುಖವಿಟ್ಟಳು, ಆಚೆ ಬದಿಯಲ್ಲಿ ಮೌನೇಶಪ್ಪನ ಮೂಗು ದೊಡ್ಡದಾಗಿ ಕಂಡಿತು. ಒಂದೇ ಒಂದು ಓಟೆಯೂ ಪುಡಿಯಾಗಿರಲಿಲ್ಲ. ಗೆಸ್ಟ್‌ಹೌಸಿನ ಆ ನಗು ಅವಳ ಮುಖದಿಂದ ಸುಮ್ಮನೆ ಕಳಚಿ ಬಿತ್ತು, ಎಲ್ಲಿ ಬಿತ್ತೆಂದು ಹುಡುಕಬೇಕೆಂದೂ ಅನ್ನಿಸಲಿಲ್ಲ.

ಆದರೆ ಬಂಗಾರ ಕಾಣಬೇಕಾದರೆ ಇದ್ದಿಲು ಸುಟ್ಟು ಬೂದಿಯಾಗಬೇಕು. ನಿನ್ನೆಯೇ ಮೌನೇಶಪ್ಪ ಬಟ್ಟೆಯ ಗಂಟೊಂದನ್ನು ತೆಗೆದು, ಇದ್ದಿಲು ತೊಳೆದು ಒಣಗಿಸಿ, ಬೆಳಗ್ಗೆ ಬೇಗ ಬಂದು ಹೊಗೆ ಕೊಳವೆಯ ಕೆಳಗಿನ ಕರೆಂಟ್ ಒಲೆಗೆ ಇಟ್ಟಿದ್ದ. ಈಗ ಒಲೆಯ ಬಾಗಿಲು ಒಂದು ಬೆರಳು ತೆರೆದು ತೋರಿಸಿದ. ಒಳಗೆ ಓಟೆಗಳು ಇನ್ನೂ ಓಟೆಯ ಆಕಾರದಲ್ಲೇ ಕೆಂಪಾಗಿ ಕೂತಿದ್ದವು, ನೂರಾರು ಚಿಕ್ಕ ಚಿಕ್ಕ ಕೆಂಪು ಕಣ್ಣು. ಒಂದೊಂದೇ ಮಸುಕಾಗಿ ಬೂದಿಯಾಗುತ್ತಿತ್ತು. ಗಿಣಿಯ ಕಥೆ ಹೋಯಿತು. ಏಳು ಮಂದಿ ಅಕ್ಕತಂಗಿಯರು ಹೋದರು. ಸ್ಫೂರ್ತಿಗೆ ತಡೆಯಲಾಗಲಿಲ್ಲ.

"ಅಜ್ಜಿ, ನಿನ್ನ ಗಡಿಗಿ ಓಟಿ ನಾನ ತಗೊಂಡೆ. ಕೇಳದಂಗ ತಗೊಂಡೆ. ಅಲ್ಲಿ ಸುಡಾಕ ಹತ್ತಿದ್ದು ನಿನ್ನ ಕಥಿ ಓಟಿ."

ಮೌನೇಶಪ್ಪ ಇಕ್ಕಳ ಹುಡುಕುವವನ ಹಾಗೆ ಬೆನ್ನು ತಿರುಗಿಸಿದ. ಜಂಬಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದಳು.

"ಗಡಿಗಿ ಖಾಲಿ ಆಗಿದ್ದು ಗೊತ್ತೈತಿ ನಂಗ. ಇಲಿ ತಿಂದಾವು ಅಂದ್ಕಂಡಿದ್ದೆ. ಇಷ್ಟು ದೊಡ್ಡ ಇಲಿ ಅಂತ ಗೊತ್ತಿದ್ದಿಲ್ಲ."

"ನಗಬ್ಯಾಡಜ್ಜಿ. ಎಷ್ಟು ವರ್ಷದ ಓಟಿ ಅವು..."

"ಎಷ್ಟು ವರ್ಷದವು? ಈ ಸಂಕ್ರಾಂತಿಯವು. ಅದ್ರಾಗೂ ಅರ್ಧ ನಮ್ಮ ಗಿರಣಿ ಹಮಾಲ್ರು ಉಗುಳಿದ್ದು." ಅಜ್ಜಿ ಎಲೆ ಮಡಿಚಿ ಬಾಯಿಗಿಟ್ಟಳು. "ವರ್ಷಾ ವರ್ಷಾ ಉಗಾದಿ ದಿನ ಗಡಿಗಿ ಬಗ್ಗಿಸಿ ನೀರೊಲಿಗೆ ಹಾಕ್ತೀನಿ. ಏನ್ ಉರಿತಾವಂತಿ! ಎಣ್ಣಿ ಹಚ್ಚಿಸ್ಕಂಡು ಹಂಡೆ ಹಂಡೆ ಸುರ್ಕಂತಿದ್ದಿ, ಆ ನೀರು ಯಾತರ ಮ್ಯಾಲ ಕಾದಿತ್ತು ಅನ್ಕಂಡಿದ್ದಿ?"

ಸ್ಫೂರ್ತಿಗೆ ಅಳುವೋ ನಗುವೋ ಯಾವುದು ಮೊದಲು ಬರುತ್ತದೆಂದು ತಿಳಿಯಲಿಲ್ಲ. ಬಚ್ಚಲಿನ ಕತ್ತಲು, ಬೆನ್ನ ಮೇಲೆ ಬೀಳುವ ಬಿಸಿನೀರು, ಕಣ್ಣಿಗಿಳಿದ ಸೀಗೆಪುಡಿ, ಅಜ್ಜಿಯ ಒರಟು ಅಂಗೈ. ಇಪ್ಪತ್ತನಾಲ್ಕು ಯುಗಾದಿ ಅವಳು ಕಥೆಗಳಲ್ಲಿ ಕಾದ ನೀರಿನಲ್ಲೇ ಮಿಂದಿದ್ದಳು. ಕಥೆಗಳು ಗಡಿಗೆಯಲ್ಲಿ ಯಾವ ಕಾಲಕ್ಕೂ ಉಳಿದಿರಲಿಲ್ಲ. ಹಾಗಾದರೆ ಅವು ಎಲ್ಲಿದ್ದವು? ಎದುರಿಗೇ ಕೂತು ಎಲೆ ಅಗಿಯಲು ಒದ್ದಾಡುತ್ತಿದ್ದವು, ನಾಲ್ಕೋ ಐದೋ ಹಲ್ಲುಗಳ ನಡುವೆ.

"ಮತ್ತ ಮುಂಜಾನಿ ಗಡಿಗಿ ಮುಂದ ಯಾಕ ನಿಂತಿದ್ದಿ?"

"ಅದರ ಮ್ಯಾಲಿನ ಗ್ವಾಡಿ ಮಾಡದಾಗ ನನ್ನ ಡಬ್ಬಿ ಇತ್ತು. ಎಲ್ಲಾದಕ್ಕೂ ಲೆಕ್ಕ ಕೊಡ್ಬೇಕೇನು ನಿನಗ?"

ಬೂದಿ ಒಂದು ಚಮಚದಷ್ಟು ಆಯಿತು. ಮೌನೇಶಪ್ಪ ಅದನ್ನು ಮೂಸೆಗೆ ಹಾಕಿ, ಕರಗಲೆಂದು ಬಿಳಿಗಾರ ಬೆರೆಸಿ, ಗ್ಯಾಸಿನ ಉರಿ ಹಾಯಿಸಿದ. ಗುರಗುಟ್ಟಿತು, ಕರಗಿತು, ಗಾಜಿನ ಹಾಗೆ ಹರಿಯಿತು. ಅವನ ಹುಬ್ಬು ಗಂಟಿಕ್ಕಿತ್ತು. ಅಂಗಡಿಯ ಹೊರಗೆ ಸ್ಕೂಟರುಗಳು, ಯಾರದೋ ಜಗಳ, ಯಾರದೋ ನಗು. ತಣಿದ ಮೇಲೆ ಗಾಜನ್ನು ಒಡೆದ, ಒಳಗಿಂದ ಏನನ್ನೋ ಇಕ್ಕಳದ ತುದಿಯಲ್ಲಿ ಹಿಡಿದು ನೀರಿಗೆ ಅದ್ದಿದ.

ಜಂಬಕ್ಕ ಎರಡೂ ಅಂಗೈಗಳನ್ನು ಪ್ರಸಾದಕ್ಕೆ ಒಡ್ಡುವ ಹಾಗೆ ಜೋಡಿಸಿ ಕಣ್ಣಿನ ಹತ್ತಿರ ತಂದಳು. "ಅಕಾ! ಕಂಡ್ತು, ಕಂಡ್ತು! ಏನ್ ಹೊಳೀತೈತಿ ನಮ್ಮಪ್ಪಾ!"

"ಯಮ್ಮಾ," ಎಂದ ಮೌನೇಶಪ್ಪ, "ಇನ್ನಾ ನಿಮ್ಮ ಕೈಯಾಗ ಇಟ್ಟೇ ಇಲ್ರಿ."

ಇಕ್ಕಳ ಇನ್ನೂ ಅವನ ಕೈಯಲ್ಲೇ ಇತ್ತು. ಕಂಡರೆ ಕಂಡಿದೆ, ಇಲ್ಲವೆಂದರೆ ಇಲ್ಲ ಎಂದಿದ್ದ ನ್ಯಾಯಾಧೀಶೆ ಬರಿ ಅಂಗೈಯನ್ನು ನೋಡಿ ತೀರ್ಪು ಕೊಟ್ಟಿದ್ದಳು. ಮೌನೇಶಪ್ಪ ಬಿದ್ದು ಬಿದ್ದು ನಕ್ಕ. ಅಜ್ಜಿ ಸಿಕ್ಕಿಬಿದ್ದ ಹುಡುಗಿಯಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನು ಸ್ಫೂರ್ತಿಯ ಮಡಿಲಲ್ಲೇ ಇತ್ತು. ಅಜ್ಜಿ ಕಂಡಿತೆಂದಿದ್ದಾಳೆ, ಅಪ್ಪ ನಂಬುತ್ತಾನೆ, ಶೆಡ್ಡು ಉಳಿಯುತ್ತದೆ. ಒಂದು ಕಳವು ಮನ್ನಾ ಆದ ಗಳಿಗೆಯಲ್ಲೇ ಇನ್ನೊಂದು ಇಷ್ಟು ಹತ್ತಿರ ಬಂದು ಕೂತಿತ್ತು.

"ಬ್ಯಾಡಜ್ಜಿ," ಎಂದಳು. "ಖರೇನ ಕಾಣ್ಬೇಕು."

ಮೌನೇಶಪ್ಪ ಈಗ ನಿಜವಾಗಿ ಅಂಗೈ ಮೇಲಿಟ್ಟ. ಸಾಸಿವೆಕಾಳಿನಷ್ಟು, ದುಂಡಗೆ, ಹಳದಿ. ಸ್ಫೂರ್ತಿಗೆ ಕಾಣುತ್ತಿತ್ತು. ಎಷ್ಟು ಕಾಣುತ್ತಿತ್ತೆಂದರೆ ಬೇರೇನೂ ಕಾಣುತ್ತಿರಲಿಲ್ಲ. ಅಜ್ಜಿ ಅಂಗೈಯನ್ನು ಬೆಳಕಿಗೆ ಒಡ್ಡಿದಳು, ಓರೆ ಮಾಡಿದಳು, ಮೂಗಿನವರೆಗೆ ತಂದಳು. ಅರಿಶಿನ ಹಚ್ಚಿ ಹಚ್ಚಿ ಹಳದಿಯಾದ ಆ ಸುಕ್ಕುಗಳ ನಡುವೆ ಹಳದಿಯ ಚುಕ್ಕೆ ಎಲ್ಲೋ ಅಡಗಿತು. ಅವಳು ನಿಧಾನವಾಗಿ ತಲೆಯಾಡಿಸಿದಳು. "ಇಲ್ಲ ತಂಗಿ. ಕಾಣಂಗಿಲ್ಲ." ಈ ಸಲದ ದನಿಯಲ್ಲಿ ನಾಟಕವಿರಲಿಲ್ಲ.

ಸ್ಫೂರ್ತಿಯ ಕಣ್ಣು ಮೇಜಿನ ಮೇಲೆ ಅಲೆಯಿತು. ತಕ್ಕಡಿ, ಉರಿಯ ನಳಿಕೆ, ಬಿಳಿಗಾರದ ಬಟ್ಟಲು, ಚಹಾದ ಲೋಟ, ಅದರ ಪಕ್ಕ ಒಂದು ಕಪ್ಪು ಕಲ್ಲು. ಇದ್ದಿಲಿನಷ್ಟೇ ಕಪ್ಪು. "ಕಾಕಾ, ಒರಿಗಲ್ಲು!" ಎಂದು ಅವಳು ಕೂಗಿದ್ದೂ ಮೌನೇಶಪ್ಪ ತನ್ನ ಹಣೆ ಬಡಿದುಕೊಂಡದ್ದೂ ಒಟ್ಟಿಗೇ ಆಯಿತು. "ದಿನಾ ಬೆಳಗಾದ್ರ ಇದ ಮಾಡ್ತೀನಿ, ನನಗ ಹೊಳಿಲಿಲ್ಲ ನೋಡು!" ಮಣಿಯನ್ನು ಇಕ್ಕಳದಲ್ಲಿ ಹಿಡಿದು ಕಲ್ಲಿನ ಮೇಲೆ ಒಮ್ಮೆ, ಗಟ್ಟಿಯಾಗಿ, ಎಳೆದ. ಕಲ್ಲನ್ನು ಅಜ್ಜಿಯ ಮುಂದೆ ಹಿಡಿದ. ಯಾರೂ ಏನೂ ಹೇಳಿಕೊಡಲಿಲ್ಲ.

ಜಂಬಕ್ಕ ಕಲ್ಲಿನ ಮೇಲೆ ಬಗ್ಗಿದಳು. ಎಲೆ ಅಗಿಯುವುದು ನಿಂತಿತು.

"ಗೆರಿ," ಎಂದಳು. "ಹೊತ್ತು ಮೂಡೋ ಮುಂದ ಗುಡ್ಡದ ಅಂಚಿಗೆ ಬರ್ತದಲ್ಲ, ಹಂಗೊಂದು ಗೆರಿ." ಬೆರಳು ಚಾಚಿ ಗೆರೆಯ ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ, ಕೂದಲೆಳೆಯಷ್ಟೂ ತಪ್ಪದೆ ಎಳೆದಳು.

ಫೋನಿನಲ್ಲಿ ಗಿರಣಿಯ ಸದ್ದು ಮೊದಲು ಬಂತು, ಅಪ್ಪ ಆಮೇಲೆ. "ಏನಾತವ್ವಾ ತೀರ್ಪು?" ಎಂದ, ನಗುತ್ತಲೇ. "ಶಂಭೂ," ಎಂದಳು ಜಂಬಕ್ಕ, ಊರಿಗೆಲ್ಲ ಕೇಳುವ ಹಾಗೆ, "ಆ ಬಾಳಿಕಾಯಿಯವರಿಗೆ ಬ್ಯಾರೆ ಕಡಿ ಮಾಗಿಸ್ಕ್ಯಳಾಕ ಹೇಳು." ಅತ್ತ ಅಪ್ಪನ ಕೂಗು, ಅವರಿಗಲ್ಲ, ಬಾಯ್ಲರಿನ ಕಡೆಗೆ: "ಲೇ ಗಾದಿಲಿಂಗ, ಹುಡುಗಿ ಗೆದ್ಲಲೇ!" ಅದರ ಹಿಂದೆಯೇ ಬಾಯ್ಲರಿನ ಸೀಟಿ, ಒಂದು ಸಲ, ಎರಡು ಸಲ, ಉಗಿ ಮುಗಿದೇ ಹೋಗಲಿ ಎನ್ನುವಂತೆ ಮೂರನೆಯ ಸಲ. ಫೋನನ್ನು ಕಿವಿಯಿಂದ ದೂರ ಹಿಡಿದು ಮೂವರೂ ಕೇಳಿದರು. ಸ್ಫೂರ್ತಿ ನಗುತ್ತಿದ್ದಳು. ಈ ನಗು ಅವಳದೇ ಆಗಿತ್ತು.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಸ್ಫೂರ್ತಿಯನ್ನು ಕೂರಿಸಿ, ಜಂಬಕ್ಕ ಎಲೆಅಡಿಕೆ ಚೀಲದಿಂದ ಸುಕ್ಕುಗಟ್ಟಿದ ಒಂದು ಬಾರಿಹಣ್ಣು ತೆಗೆದಳು. ಗಡಿಗೆಯ ಮೇಲಿನ ಗೂಡಿನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯದು. ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡರೆ ಮೊಮ್ಮಗಳ ಬಾಯಿಗೆ ತುರುಕಿದಳು.

"ಈ ಸಲ ನೀ ಹೇಳು."

"ನಾನಾ? ಯಾವ ಕಥಿ?"

"ನಂಗೇನು ಗೊತ್ತು? ಓಟಿ ಇರೋದು ನಿನ್ನ ಬಾಯಾಗ."

ಹಣ್ಣು ಹುಳಿಯಿತ್ತು, ಆಮೇಲೆ ಸಿಹಿಯಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. "ಒಂದೂ‍ರಾಗ ಒಬ್ಬಾಕಿ ಕಳ್ಳಿ ಇದ್ಲಂತ," ಎಂದು ಸ್ಫೂರ್ತಿ ಶುರುಮಾಡಿದಳು. "ಹ್ಞೂಂ," ಎಂದಳು ಅಜ್ಜಿ ಕಣ್ಣು ಮುಚ್ಚಿ. ಬಂಡೆಗಳು ಹೋದವು, ಕಮಲಾಪುರದ ಗದ್ದೆಗಳು ಬಂದವು, ಕಳ್ಳಿ ಕೆಂಪು ಕಣ್ಣುಗಳ ಕಾಡು ಹೊಕ್ಕಳು, ಮುಂದಿನ ಸೀಟಿನವಳು ಪೂರ್ತಿ ತಿರುಗಿ ಕೂತು ಆಕೆಗೇನಾಯಿತೆಂದು ಕೇಳಿದಳು. ಓಟೆ ನುಣ್ಣಗಾಗುತ್ತ ಬಂತು. ಸ್ಫೂರ್ತಿ ಅದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದಳು, ಕಥೆ ಉದ್ದವಾಯಿತು. ಕಂಪ್ಲಿಯ ಬಾಳೆತೋಟಗಳ ಹತ್ತಿರ ಕಳ್ಳಿ ಮನೆ ಸೇರಿದಾಗ ಅವಳು ಬ್ಯಾಗಿನಿಂದ ಇದ್ದಿಲಿನ ಖಾಲಿ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಓಟೆಯನ್ನು ಅದರೊಳಗೆ ಉಗುಳಿದಳು.

ಟಣ್ ಎಂದಿತು. "ಒಂದು," ಎಂದಳು ಅಜ್ಜಿ, ಕಣ್ಣು ತೆರೆಯದೆ.